ಕಾರಿಗೆ ನೀರು ಹಾಕಿದ ಬೇಸಿಗೆ

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ದಿನಗಳು ಅವು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಎದ್ದರೆ ಮಗ್ಗದ ಸಪ್ಪಳ, ಮಲಗಿದರೆ ಮಗ್ಗದ ಸಪ್ಪಳ. ಓಣಿಯಲ್ಲಿ ಸೈಕಲ್ಲುಗಳಿದ್ದವು, ಎರಡು ಬೈಕುಗಳಿದ್ದವು, ಯಾರ ಮಾತೂ ಕೇಳದ ಒಂದು ಎಮ್ಮೆ ಇತ್ತು. ಕಾರು ಮಾತ್ರ ಇರಲಿಲ್ಲ. ಯಾರ ಮನೆಗಾದರೂ ಬೀಗರ ಕಾರು ಬಂದರೆ ನಾವು ಮಕ್ಕಳೆಲ್ಲ ಸುತ್ತುಗಟ್ಟಿ, ಅದರ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದೆವು. ಅಂಥ ಓಣಿಗೆ ನಮ್ಮಪ್ಪ ಕಾರು ತಂದ. ನಮ್ಮಪ್ಪ! ತೂತು ಬಿದ್ದ ಬನಿಯನ್ ಹಾಕಿಕೊಂಡು, ಕುಣಿಮಗ್ಗದ ತಗ್ಗಿನೊಳಗೆ ಕಾಲು ಇಳಿಬಿಟ್ಟು, ದಿನವಿಡೀ ಸೀರೆ ನೇಯುತ್ತಿದ್ದ ನಮ್ಮಪ್ಪ. ಆಗ ನನಗೆ ಹತ್ತು ವರ್ಷ. ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ, ಸುಳ್ಳಲ್ಲ.

ಅಲ್ಲಿಯವರೆಗೆ ಊರಿನ ಸಾವಕಾರರೊಬ್ಬರು ನೂಲು ಕೊಡುವುದು, ಅಪ್ಪ ನೇಯ್ದು ಸೀರೆಯನ್ನು ಅವರಿಗೇ ಒಪ್ಪಿಸುವುದು ನಡೆದಿತ್ತು. ತಾನು ನೇಯ್ದದ್ದನ್ನು ಯಾರು ಉಟ್ಟರು, ಯಾವ ಮದುವೆಯಲ್ಲಿ ಉಟ್ಟರು ಎಂಬುದು ಅಪ್ಪನಿಗೆ ಗೊತ್ತೇ ಆಗುತ್ತಿರಲಿಲ್ಲ. ಈ ಒಂದು ಕೊರಗು ಅವನಿಗೆ. ರೋಣ, ಬೆಳವಣಕಿ, ನರಗುಂದದ ಕಡೆಯ ಮದುವೆ ಮನೆಗಳಿಗೆ ತಾನೇ ಸೀರೆ ಒಯ್ದು ಕೊಡಬೇಕು, ಅದಕ್ಕೊಂದು ಸಣ್ಣ ಕಾರು ಬೇಕು ಎಂಬ ಹುಚ್ಚು ಹತ್ತಿತು. ಸಾವಕಾರರು ನಕ್ಕುಬಿಟ್ಟರು.

"ಮಗ್ಗದಾಗಿಂದ ಎದ್ದು ಕಾರಿನ್ಯಾಗ ಕುಂದರ್ತಿಯೇನು? ಕುಂದರಪಾ, ಕುಂದರು. ಒಂದ ಲಗ್ನದ ಹಂಗಾಮ ನೋಡೂಣು. ತಿರುಗಿ ನನ್ನ ಕಟ್ಟಿಗೇ ಬರ್ತಿ."

ಅಪ್ಪ ಮನೆಗೆ ಬಂದು ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಎದ್ದುಬಿಟ್ಟ.

ಕಾರು ಆರಿಸಲು ನಮ್ಮ ಜೊತೆ ಬಂದವರು ಮಾಬೂಸಾಬ ಕಾಕಾ. ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಗ್ಯಾರೇಜು. ಮೊದಲು ನರಗುಂದದಲ್ಲಿ ಒಂದು ಉದ್ದನೆಯ ಕಾರು ನೋಡಿದೆವು. ಕೆಂಪು ಬಣ್ಣ, ಹಾರ್ನ್ ಒತ್ತಿದರೆ ಹಾಡು. ನಾನು ಹಿಂದಿನ ಸೀಟಿನಲ್ಲಿ ಕೂತವಳು ಇಳಿಯಲೇ ಒಲ್ಲೆ. ಅಪ್ಪ ಅದರ ಹಾಡೂ ಕೇಳಲಿಲ್ಲ, ಬಣ್ಣವೂ ನೋಡಲಿಲ್ಲ. ಹೆಗಲ ಮೇಲಿನ ಟವೆಲ್ ನೆಲಕ್ಕೆ ಹಾಸಿ, ಅಂಗಾತ ಮಲಗಿ ಕಾರಿನ ಕೆಳಗೆ ತೂರಿದ. ಎದ್ದು ಬಂದು, "ಮ್ಯಾಲೆ ಚಲೋ ಐತಿ, ಒಳಮೈ ತಿಂದು ಹೋಗೇತಿ" ಅಂದ. ಮಾಬೂಸಾಬ ಕಾಕಾ ಬೆರಗಾಗಿ ಅವನನ್ನೇ ನೋಡಿದರು.

"ಅಲ್ಲೋ ಅಣ್ಣಾ, ಇದನ್ನ ನಿನಗ ಯಾರು ಕಲಿಸ್ಯಾರ?"

"ಸೀರಿ ತಗೊಳ್ಳೋರು ಸೆರಗ ನೋಡ್ತಾರ, ನೇಯೋರು ತಿರುವಿ ಹಾಕಿ ಒಳಮೈ ನೋಡ್ತಾರ. ಅಷ್ಟ."

ಬಸ್ಸಿನಲ್ಲಿ ವಾಪಸು ಬರುವಾಗ ಕಾಕಾ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಕಾರ್ ತರೂದು ಸರಳ, ಸಾಕೂದು ತ್ರಾಸು. ಸಾಮಾನು ರೋಣದಾಗ ಸಿಗಬೇಕು, ನನ್ನಂಥ ಮಿಸ್ತ್ರಿಗೂ ಬಿಚ್ಚಾಕ ಬರಬೇಕು, ಎಣ್ಣಿ ಕಡಿಮಿ ಕುಡೀಬೇಕು. ಅಂಥಾ ಸಣ್ಣ ಗಾಡಿ ಹುಡುಕೂಣು."

ಅಂಥದ್ದು ರೋಣದಲ್ಲೇ ಸಿಕ್ಕಿತು, ನಿವೃತ್ತರಾದ ಒಬ್ಬ ಮಾಸ್ತರರ ಮನೆಯಲ್ಲಿ. ಬಿಳಿ ಬಣ್ಣದ ಸಣ್ಣ ಕಾರು, ಗಿಡ್ಡ ಮೂತಿ, ಹಳೆಯದು. ಅಪ್ಪ ಮತ್ತೆ ಅಂಗಾತ ಮಲಗಿ ಒಳಮೈ ನೋಡಿದ, ಎದ್ದು ಬಂದು ಹಣೆಯ ಮಣ್ಣು ಒರೆಸಿಕೊಂಡು ತಲೆಯಾಡಿಸಿದ. ಮಾಸ್ತರರು ಚಾವಿ ಕೊಡುವಾಗ ಹೆಣ್ಣು ಒಪ್ಪಿಸಿಕೊಡುವವರ ಹಾಗೆ ಹೇಳಿದರು: "ದಿನಾ ಮುಂಜಾನೆ ಆಯಿಲ್ ಕಡ್ಡಿ ಎಳದು ನೋಡ್ರಿ. ವಾರಕ್ಕೊಮ್ಮಿ ಗಾಳಿ ಹಿಡಸ್ರಿ. ನೀರು ಮಾತ್ರ ಮರೀಬ್ಯಾಡ್ರಿ. ಬ್ಯಾಸಿಗ್ಯಾಗ ನೀರಿಲ್ಲದ ಎಷ್ಟೋ ಗಾಡಿ ಸತ್ತಾವು." ಹಿರಿಯರು ಅಪ್ಪನಿಗೆ ಹೇಳಿದ್ದು. ಆದರೆ ನಾನು ಅದನ್ನು ಬಾಯಿಪಾಠ ಮಾಡಿಕೊಂಡೆ.

ಕಾರು ಓಣಿಗೆ ಬಂದ ದಿನ ಮಗ್ಗಗಳು ನಿಂತವು. ಅಪ್ಪನ ಅವ್ವ, ನಮ್ಮ ಆಯಿ, ಆರತಿ ಎತ್ತಿದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು, ಗಾಜಿಗೆ ಕುಂಕುಮ ಹಚ್ಚಿದಳು. ನನಗೆ ಎಲ್ಲಕ್ಕಿಂತ ದೊಡ್ಡ ಸೋಜಿಗವೆಂದರೆ ಬಾಗಿಲು ತೆಗೆದ ಕೂಡಲೆ ಒಳಗೆ ತಾನೇ ಹತ್ತುವ ಸಣ್ಣ ದೀಪ. ಯಾರು ಹಚ್ಚಿದರು? ಬಾಗಿಲು ಹಾಕಿದ ಮೇಲೆ ಆರುತ್ತದೋ ಇಲ್ಲವೋ? ಗಾಜಿಗೆ ಮೂಗು ಒತ್ತಿ ಎಷ್ಟು ನೋಡಿದರೂ ಆಸೆ ತೀರದು. ಒಳಗೆ ಕೂತರೆ ಬಿಸಿ ರೆಕ್ಸಿನ್ನಿನ ವಾಸನೆ, ಪೆಟ್ರೋಲಿನ ವಾಸನೆ, ಮಾಸ್ತರರ ನಶ್ಯದ ವಾಸನೆ. ಅಂಥ ಸುಗಂಧ ಆಮೇಲೆ ಯಾವ ಅತ್ತರಿನಲ್ಲೂ ನನಗೆ ಸಿಕ್ಕಿಲ್ಲ, ನಗಬೇಡಿ. ಅಪ್ಪ ಡ್ರೈವಿಂಗ್ ಕಲಿತದ್ದೂ ಒಂದು ಅಚ್ಚರಿಯೇ. ಕ್ಲಚ್ಚು ಬ್ರೇಕು ವಿವರಿಸಲು ಹೋದ ಮಾಬೂಸಾಬ ಕಾಕಾಗೆ, "ಕಾಲಿನ ಕೆಲಸ ನನಗ ಹೇಳಬ್ಯಾಡೋ, ಹುಟ್ಟಿದಾಗಿಂದ ಮಗ್ಗ ತುಳದೀನಿ" ಅಂದ. ಖರೇನೇ ಹತ್ತು ದಿನದಲ್ಲಿ ಕಲಿತುಬಿಟ್ಟ.

ಬೇಸಿಗೆ ಬಂತು, ಲಗ್ನದ ಹಂಗಾಮು ಬಂತು. ಕೊಣ್ಣೂರಿನ ಒಂದು ಮನೆಯಿಂದ ಮೊದಲ ಕೆಲಸ ಬಂತು. ಹನ್ನೊಂದು ಸೀರೆ, ಜೊತೆಗೆ ಮದುಮಗಳ ಸುರಗಿಯ ಸೀರೆ. ಮದುವೆಗೆ ಮುಂಚೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತ ದಾರ ಸುತ್ತಿ, ಮದುಮಗಳನ್ನು ನಡುವೆ ಕೂರಿಸಿ ನೀರು ಹಾಕುತ್ತಾರಲ್ಲ, ಆ ಸುರಗಿ. ಮಿಂದೆದ್ದವಳು ಹೊಸ ಸೀರೆ ಉಡಬೇಕು. "ಹನ್ನೊಂದಕ್ಕ ಸುರಗಿ ನೀರು. ಅಷ್ಟರಾಗ ಸೀರಿ ಬರ್ಲಿಲ್ಲಂದ್ರ ನಾವು ನರಗುಂದದ ಪ್ಯಾಟಿಗೆ ಹೋಗ್ತೀವ್ರಿ" ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು. ಸೀರೆ ಮುಟ್ಟಿದರೆ ಅಪ್ಪ ತನ್ನ ಕಾಲ ಮೇಲೆ ನಿಂತಂತೆ. ಮುಟ್ಟದಿದ್ದರೆ ಸಾವಕಾರರ ಕಟ್ಟೆಯೇ ಗತಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ.

ಆ ವಾರ ಬಿಸಿಲೆಂದರೆ ಬಿಸಿಲು. ಒಣ ಗಾಳಿಗೆ ಮಗ್ಗದಲ್ಲಿ ನೂಲಿನ ಎಳೆಗಳು ಪಟ್ ಪಟ್ ಹರಿಯುತ್ತಿದ್ದವು. ಆಯಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಮಗ್ಗದ ಸುತ್ತ ನೀರು ಚಿಮುಕಿಸಿ ಚಿಮುಕಿಸಿ ಗೊಣಗುವಳು: "ಒಣಗಿದ್ರ ಹರೀತೈತಿ." ಸುರಗಿಯ ಸೀರೆ ಹೇಗೋ ಹಿಂದಿನ ದಿನ ಸಂಜೆಗೆ ಮಗ್ಗದಿಂದ ಇಳಿಯಿತು. ನಾನು ಹೊರಗೆ ಹೋಗಿ ಕಾರು ಮುಟ್ಟಿದೆ. ಅಬ್ಬಾ, ಬೆಂಕಿ! ನಾಳೆ ಕೊಣ್ಣೂರಿನ ತನಕ ಓಡಬೇಕಾದದ್ದು ಹೀಗೆ ಒಣಗಿ ನಿಂತಿದೆ, ಯಾರಿಗೂ ಖಬರಿಲ್ಲ. ಮಾಸ್ತರರ ಮಾತು ನೆನಪಾಯಿತು, ಆಯಿಯ ಮಾತೂ ನೆನಪಾಯಿತು. ಇನ್ನೇನು ಬೇಕು? ಎಲ್ಲರೂ ಮಲಗಿದ ಮೇಲೆ ಕಾರಿನೊಳಗಿನ ಹಿಡಿ ಎಳೆದು ಬಾನೆಟ್ ಎತ್ತಿದೆ. ನಾಲ್ಕು ಕೊಡ ನೀರು ತಂದು ಇಂಜಿನ್ನಿನ ಮೂಲೆ ಮೂಲೆಗೂ ಹೊಯ್ದೆ. ಮೇಲೆ ಎರಡು ಒದ್ದೆ ಗೋಣಿಚೀಲ ಹೊದಿಸಿ, ಬಾನೆಟ್ ಮುಚ್ಚಿ, ಕೈಮುಗಿದು ಬಂದು ಮಲಗಿದೆ. ಅಂಥ ನೆಮ್ಮದಿಯ ನಿದ್ದೆ!

ಮರುದಿನ ಬೆಳಗ್ಗೆ ಅಪ್ಪ ಇಸ್ತ್ರಿ ಅಂಗಿ ಹಾಕಿ ಚಾವಿ ತಿರುಗಿಸಿದ. ಕುರ್ರ್, ಕುರ್ರ್, ಆಮೇಲೆ ಸುಮ್ಮನೆ. ಮತ್ತೆ ಕುರ್ರ್. ಓಣಿಯವರು ಬಂದು ದಬ್ಬಿದರು, ಎಮ್ಮೆಗಿಂತ ಹಟಮಾರಿ ಆಯಿತು ಕಾರು. ಕೊಣ್ಣೂರಿಗೆ ಹೊತ್ತಿಗೆ ಮುಟ್ಟಿಸುವ ಬಸ್ಸು ಅಷ್ಟರಲ್ಲಿ ಹೋಗಿಯಾಗಿತ್ತು. ಯಾರೋ ಓಡಿಹೋಗಿ ಮಾಬೂಸಾಬ ಕಾಕಾರನ್ನು ಕರೆತಂದರು. ಅವರು ಬಾನೆಟ್ ಎತ್ತಿ ಗೋಣಿಚೀಲ ಹೊರಗೆಳೆದರು. ತಳದಲ್ಲೆಲ್ಲ ನೀರು ನಿಂತಿತ್ತು.

"ರಾತ್ರಿ ಮಳಿ ಆಗಿತ್ತೇನ್ರಿ?"

ಎಲ್ಲರೂ ತಲೆ ಎತ್ತಿ ಆಕಾಶ ನೋಡಿದರು. ಮೋಡದ ಚೂರೂ ಇರಲಿಲ್ಲ. ಅಪ್ಪನ ಮುಖ ಕೆಂಪಾಯಿತು.

"ಮಳಿ ಅಲ್ಲ, ಇದು ಬೇಕಂತ ಮಾಡಿದ್ದು. ಸಾವಕಾರನ ಕಡೆಯವರ ಕೆಲಸನ ಇದು. ಇವತ್ತ ಅವರ ಕಟ್ಟಿಗೆ ಹೋಗಿ ಕೇಳೇ ಬರ್ತೀನಿ!"

ಅಪ್ಪ ಹೊರಟೇಬಿಟ್ಟ. ಅವನ ಸಿಟ್ಟು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಸುಮ್ಮನಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ, ಜಗಳ ಬೇರೆಯವರ ಮೇಲೆ ಹೋಗುತ್ತಿತ್ತು. ಓಡಿಹೋಗಿ ಅಂಗಿಯ ತುದಿ ಹಿಡಿದೆ.

"ಅಪ್ಪಾ, ಯಾರೂ ಮಾಡಿಲ್ಲ. ನಾನ ಹಾಕೀನಿ. ಒಣಗಿ ಹರೀಬಾರದಂತ..."

ಎಲ್ಲರೂ ನನ್ನ ಕಡೆ ತಿರುಗಿದರು. ಇನ್ನು ಜನ್ಮದಲ್ಲಿ ನನ್ನನ್ನು ಕಾರಿನ ಹತ್ತಿರ ಬಿಡುವುದಿಲ್ಲ ಎಂದು ಅಲ್ಲೇ ಅಳು ಒತ್ತರಿಸಿ ಬಂತು. ಆಯಿ ಮಾತ್ರ ಸೆರಗು ಬಾಯಿಗೆ ಹಿಡಿದು, "ಹೇಳಿದ್ದು ನಾನ ಅಲ್ಲೇನ, ಹರೀತೈತಿ ಅಂತ!" ಎಂದು ಒಳಗೆ ಹೋದವಳು ಕೆಂಡ ತುಂಬಿದ ಅಗ್ಗಿಷ್ಟಿಕೆ ಹೊತ್ತು ತಂದಳು. ಮಳೆಗಾಲದಲ್ಲಿ ಗಂಜಿ ಹಚ್ಚಿದ ನೂಲು ಆರಿಸುವ ಅಗ್ಗಿಷ್ಟಿಕೆ ಅದು.

"ಆಯಿ, ಪೆಟ್ರೋಲ್ ಐತ್ರಿ! ದೂರ ಇಡ್ರಿ, ಇಲ್ಲಂದ್ರ ಎಲ್ಲಾರೂ ಕೂಡೇ ಕೊಣ್ಣೂರ ದಾಟಿ ಹೋಗ್ತೀವಿ!" ಎಂದು ಕಾಕಾ ಕೂಗಿದರು.

ಕೆಂಡ ಪಡಸಾಲೆಗೆ ಹೋಯಿತು. ಕಾಕಾ ಇಂಜಿನ್ನಿನ ಒಳಗಿನ ಕರೆಂಟ್ ಹಂಚುವ ಕಪ್ಪು ಡಬ್ಬಿಯನ್ನು ತೋರಿಸಿದರು. ಅದರೊಳಗೂ ವೈರುಗಳ ತುದಿಗೂ ನೀರು ಹೊಕ್ಕಿದೆ, ಎಲ್ಲ ಬಿಚ್ಚಿ ಒಣಗಿಸಬೇಕು. ವೈರುಗಳೆಲ್ಲ ಒಂದೇ ಥರ. ಅವಸರದಲ್ಲಿ ಜಾಗ ಅದಲುಬದಲಾದರೆ ಮತ್ತೆ ಗೋಳು. ಆಗ ಮುಂದೆ ಬಂದವಳು ಅವ್ವ. ಆವರೆಗೆ ಆ ಕಾರನ್ನು ಬೆರಳಿನಿಂದಲೂ ಮುಟ್ಟದಿದ್ದ ನನ್ನವ್ವ.

"ಬಿಚ್ಚೂಕಿಂತ ಮೊದಲ ಒಂಚೂರು ತಡೀರಿ ಅಣ್ಣಾರ."

ಸೆರಗಿನ ತುದಿಗೆ ಸದಾ ಕಟ್ಟಿಕೊಂಡಿರುತ್ತಿದ್ದ ಬಣ್ಣದ ನೂಲಿನ ತುಣುಕುಗಳನ್ನು ಬಿಚ್ಚಿ, ಮೊದಲ ವೈರಿಗೂ ಅದು ಕೂರುವ ಜಾಗಕ್ಕೂ ಕೆಂಪು, ಎರಡನೆಯದಕ್ಕೆ ಹಳದಿ, ಆಮೇಲೆ ಹಸಿರು, ಬಿಳಿ. ಒಂದೇ ಕೈಯ ಎರಡು ಬೆರಳಲ್ಲಿ ಗಂಟು. ಮಗ್ಗದಲ್ಲಿ ಹರಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಸುತ್ತಿದ್ದಳಲ್ಲ, ಅದೇ ಗಂಟು. ಕಾಕಾ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದವರು ಹಿಡಿದಂತೆಯೇ ನಿಂತರು.

"ಇಪ್ಪತ್ತು ವರ್ಷ ಗ್ಯಾರೇಜ್ ನಡಿಸೀನ್ರಿ ಅಕ್ಕಾರ, ಇದು ನನಗ ಹೊಳೀಲೇ ಇಲ್ಲ."

ಪಡಸಾಲೆಯಲ್ಲಿ ಅವ್ವ ಡಬ್ಬಿಯನ್ನು ಕೆಂಡದ ಬಿಸಿಗೆ ಮೇಲೆತ್ತಿ ಹಿಡಿದು ತಿರುಗಿಸಿದಳು. ಎಷ್ಟು ದೂರ, ಎಷ್ಟು ಹೊತ್ತು ಎಂದು ಅವಳ ಕೈಗೆ ಗೊತ್ತಿತ್ತು. ಆಯಿ ಮೆತ್ತನೆಯ ನೂಲಿನ ಉಂಡೆಯಿಂದ ವೈರುಗಳ ತುದಿ ಒರೆಸಿದಳು. ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ದಿನಾ ನೋಡುವ ಕೈಗಳೇ. ಆದರೆ ಅವಕ್ಕೆ ಇಷ್ಟೆಲ್ಲ ಬರುತ್ತದೆಂದು ನನಗೆ ಆವತ್ತೇ ತಿಳಿದದ್ದು.

ಕೆಂಪಿಗೆ ಕೆಂಪು, ಹಳದಿಗೆ ಹಳದಿ ಕೂಡಿತು. ಅಪ್ಪ ಚಾವಿ ತಿರುಗಿಸಿದ. ಎರಡು ಸಲ ಕೆಮ್ಮಿ, ಹೊಗೆ ಬಿಟ್ಟು, ಕಾರು ಗುರ್ ಎಂದು ಎದ್ದಿತು. ಓಣಿಯವರು ಹೋ ಎಂದರು.

ಅಪ್ಪ ಹೊರಡಲಿಲ್ಲ. ಕೆಳಗಿಳಿದು ನನ್ನ ಕಡೆ ಬಂದ. ಕೆನ್ನೆಗೆ ಬಿತ್ತು ಎಂದು ಕಣ್ಣು ಮುಚ್ಚಿದೆ. ಅವನು ನನ್ನ ಕೈ ಹಿಡಿದು, ನಡುಗುತ್ತಿದ್ದ ಇಂಜಿನ್ನಿನ ಹತ್ತಿರ ಒಯ್ದ.

"ಮುಟ್ಟವ್ವಾ. ಹೆದರಬ್ಯಾಡ, ಮುಟ್ಟು. ಇದು ನೂಲಲ್ಲ. ಇದಕ್ಕ ನೀರು ಇಲ್ಲೆ ರೇಡಿಯೇಟರಿನ್ಯಾಗ ಬೇಕು, ಮೈಮ್ಯಾಲಲ್ಲ. ಇಲ್ಲೆ ಎಣ್ಣಿ. ಇಲ್ಲೆ ಒಣಾ ಬಟ್ಟಿ. ನಾಳಿಂದ ದಿನಾ ಮುಂಜಾನೆ ನೋಡೂದು ನಿನ್ನ ಕೆಲಸ. ಮುಟ್ಟದ ಯಾವದೂ ಬರಂಗಿಲ್ಲ."

ನಾನು ಮುಟ್ಟಿದೆ. ಬೆಚ್ಚಗಿತ್ತು, ಉಸಿರಾಡುತ್ತಿತ್ತು. "ಹತ್ತು" ಅಂದ ಅಪ್ಪ. ಸೀರೆಯ ಗಂಟಿನ ಪಕ್ಕದಲ್ಲಿ ಕೂತು ರೋಣ ದಾಟಿ, ನರಗುಂದದ ಗುಡ್ಡ ದಾಟಿ, ಕರಿ ಹೊಲಗಳ ನಡುವೆ ಕಿಟಕಿಗೆ ಮುಖ ಕೊಟ್ಟು ಹೋದೆ. ಆ ಗಾಳಿ, ಆ ಓಟ! ಕೊಣ್ಣೂರಿನ ಆ ಮನೆಯ ಅಂಗಳದಲ್ಲಿ ತಂಬಿಗೆಗಳಿಗೆ ದಾರ ಸುತ್ತುತ್ತಿದ್ದರು. ಮಿಂದೆದ್ದ ಮದುಮಗಳು ಅಪ್ಪನ ಸೀರೆ ಉಟ್ಟು ಹೊರಗೆ ಬಂದಾಗ ಅಪ್ಪ ಬಾಗಿಲ ಬಳಿ ನಿಂತು ನೋಡಿದ. ತಾನು ನೇಯ್ದದ್ದನ್ನು ಒಬ್ಬರು ಉಟ್ಟದ್ದು ಅವನು ಕಂಡದ್ದು ಅದೇ ಮೊದಲು. ಕಣ್ಣು ಒರೆಸಿಕೊಂಡ, ನಾನು ನೋಡಿದೆ.

ಆಮೇಲೆ ಅಪ್ಪ ಸಾವಕಾರರ ಕಟ್ಟೆ ಹತ್ತಲಿಲ್ಲ. ಕಾರು ಹನ್ನೆರಡು ವರ್ಷ ಓಡಿತು, ಅಷ್ಟೂ ವರ್ಷ ಆಯಿಲ್ ಕಡ್ಡಿ ಎಳೆದವಳು ನಾನೇ. ಕೊನೆಗೆ ಸವಡಿ ಊರಿನ ಒಬ್ಬರು ಅದನ್ನು ಕೊಂಡೊಯ್ದರು. ಆಯಿ ತೀರಿಹೋದಳು, ಮಾಬೂಸಾಬ ಕಾಕಾರ ಗ್ಯಾರೇಜಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ಅವ್ವನ ಬೆರಳು ಈಗ ಗಂಟು ಹಾಕಲು ಮಣಿಯುವುದಿಲ್ಲ. ನಮ್ಮ ಕುಣಿಮಗ್ಗದ ತಗ್ಗು ಮುಚ್ಚಿ ಟೈಲ್ಸ್ ಹಾಕಿಸಿದ್ದೇವೆ.

ಈಗ ನರಗುಂದದ ಶಾಲೆಯಲ್ಲಿ ನನಗೆ ಕೆಲಸ, ನನ್ನದೇ ಒಂದು ಸಣ್ಣ ಕಾರು ಇದೆ. ಹೋದ ತಿಂಗಳು ಅಪ್ಪನನ್ನು ಕೂರಿಸಿಕೊಂಡು ಊರಿಗೆ ಹೊರಟಾಗ ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿತು, ಇಂಜಿನ್ ನಿಂತಿತು. ಫೋನ್ ಮಾಡಿದೆ, ಶೋರೂಮಿನ ಹುಡುಗನೊಬ್ಬ ಬಂದು ಬಾನೆಟ್ ಎತ್ತಿದ. ಒಳಗೆಲ್ಲ ಕಪ್ಪು ಮುಚ್ಚಳ, ಏನೂ ಕಾಣುವುದಿಲ್ಲ. ಅಪ್ಪನಿಗೆ ಎಪ್ಪತ್ತು ದಾಟಿದೆ. ಮೆಲ್ಲಗೆ ಇಳಿದು ಬಂದು, ಬಾಗಿ ನೋಡಿ, ಕೈ ಮುಂದೆ ಮಾಡಿದ.

"ಅಜ್ಜಾರ, ಮುಟ್ಟಬ್ಯಾಡ್ರಿ. ಎಲ್ಲಾ ಕಂಪ್ಯೂಟರ್ ನೋಡ್ತೈತಿ" ಅಂದ ಹುಡುಗ, ಮರ್ಯಾದೆಯಿಂದಲೇ.

ಅಪ್ಪ ಕೈ ಹಿಂದೆ ತೆಗೆದುಕೊಂಡ. ಕೈಗೆ ಏನೂ ಹತ್ತಿರಲಿಲ್ಲ, ಆದರೂ ಧೋತರಕ್ಕೆ ಒರೆಸಿಕೊಂಡ.