ಗುರುಶಾಂತಪ್ಪನ ನಳ ರಿಪೇರಿ
ಶಲವಡಿಯ ಗುರುಶಾಂತಪ್ಪ ಬಚ್ಚಲದ ನಳ ರಿಪೇರಿಗೆ ಕೂತನೆಂದರೆ ಪೂಜೆಗೆ ಕೂತಂತೆಯೇ. ನಟ್ಟು ತಿರುಗಿಸುವ ಪಾನಾ ಒರೆಸುತ್ತಾನೆ, ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ವಾಷರ್ ಮಾಡುತ್ತಾನೆ, ಹೊಲದ ಹತ್ತಿಯನ್ನೇ ಎಳೆಯಾಗಿ ಹೊಸೆದು ಸುತ್ತುತ್ತಾನೆ, ಆಮೇಲೆ ಕಣ್ಣು ಅರೆಮುಚ್ಚಿ ತಾಸುಗಟ್ಟಲೆ ಹನಿಯ ಸದ್ದು ಆಲಿಸುತ್ತಾನೆ. ಆದರೂ ನಳ ಸೋರುವುದು ನಿಂತಿಲ್ಲ. "ಊರ ಕೆರಿ ಬತ್ತೀತು, ನಿಮ್ಮ ರಿಪೇರಿ ಮುಗಿಯೂದಿಲ್ಲ ನೋಡ್ರಿ," ಎಂದು ಹೆಂಡತಿ ನೀಲವ್ವ ಚುಚ್ಚಿದರೆ, "ನಳಕ್ಕೂ ಒಂದ್ ಮನಸ ಇರತೈತಿ," ಎನ್ನುತ್ತಾನೆ. ಕೆಳಗಿನ ತಾಮ್ರದ ಕೊಡದಲ್ಲಿ ಹನಿ ಟಪಕ್ಕೆಂದು ಬೀಳುತ್ತಿರುತ್ತದೆ. ಕಣ್ಣು ಹೋದ ಮೇಲೂ ಯಾರ ಕೈಯನ್ನೂ ಹಿಡಿಯದ ಅವನವ್ವ, ಆ ಸದ್ದಿನ ಬೆನ್ನು ಹತ್ತಿ, ಪಡಸಾಲೆ ದಾಟಿ, ಬಚ್ಚಲಕ್ಕೆ ನೆಟ್ಟಗೆ ನಡೆದು ಬರುತ್ತಾಳೆ. "ಇನ್ನೂ ಸೋರಾಕತ್ತೈತೇನೋ, ದಡ್ಡ?" ಎಂದು ಕೇಳುತ್ತಾಳೆ. "ಹೂಂ ಬೇ, ನನಗ ಬರವಲ್ದು," ಎನ್ನುತ್ತ ಅವನು ಅವಳಿಗೆ ದಾರಿ ಬಿಟ್ಟು, ನಳವನ್ನು ಇನ್ನೊಂದು ಚೂರು ಸಡಿಲಿಸುತ್ತಾನೆ.