ತಳದ ಹಗ್ಗ

ನಾನು ಕೊಡ್ಲಿ ಎಂಬ ಊರಿನಲ್ಲಿ ನಿಜಾಮ ಸರಕಾರದ ಶಾಲೆಯ ಮಾಸ್ತರನಾಗಿದ್ದಾಗ, ಒಂದು ಬೇಸಿಗೆ ಊರಬಾವಿಯ ನೀರು ಯಾರ ಹಗ್ಗಕ್ಕೂ ಎಟುಕದಷ್ಟು ಕೆಳಗಿಳಿಯಿತು. ಎರಡು ಹಗ್ಗ ಸೇರಿಸಿ ಕಟ್ಟಿ ಎಲ್ಲರೂ ಸೇದೋಣ ಎಂದೆ. ಒಪ್ಪಿದರು. ಆದರೆ ಕೆಳಗಿನ ಹಗ್ಗ ದಿನವಿಡೀ ನೆನೆದು ಕೊಳೆಯುತ್ತದೆಂದು ಅದನ್ನು ಕೊಡಲು ಯಾರೂ ಮುಂದೆ ಬರಲಿಲ್ಲ. "ನಂದು ಮ್ಯಾಲ ಕಟ್ರಿ, ತಳಕ್ಕ ಕೊಡಂಗಿಲ್ಲ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ಪಕ್ಕದ ಮನೆಯ ಗೌರವ್ವ.

ಹೆಂಡತಿ ತೀರಿಕೊಂಡ ಮೇಲೆ ಅವಳ ಹಗ್ಗವನ್ನು ನಾನು ಗೂಟದಿಂದ ಇಳಿಸಿರಲಿಲ್ಲ. ಅದನ್ನೇ ತಂದುಕೊಟ್ಟೆ.

ಗೌರವ್ವ ಅದನ್ನು ತಿರುಗಿಸಿ ನೋಡಿದಳು. "ಮಾಸ್ತರ್ರೀ, ಈ ಹಸಿರು ಸೀರಿ ಚಿಂದಿ ನಾನೇ ಸುತ್ತಿದ್ದು! ಎರಡು ದಿನಕ್ಕಂತ ನಿಮ್ಮ ಮನಿಯಾಕಿ ಒಯ್ದಿದ್ದಳು."

"ಹಂಗಾದ್ರ ತಳಕ್ಕ ನಿಂದೇ ಹೋತು ಬಿಡವ್ವ!" ಎಂದು ಬಾವಿಕಟ್ಟೆಯೇ ನಕ್ಕಿತು. ಗೌರವ್ವನೂ ನಕ್ಕು ಗಂಟು ಹಾಕಿದಳು. ನೀರು ಬಂತು.

ಅಂದಿನಿಂದ ಮನೆಯ ತಾಮ್ರದ ಕೊಡವನ್ನೂ ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.