ವಿಡಿಯೋ ಗೇಮ್ ಕೇಳಲು ಹೋದ ಅಜ್ಜಿಯರು

ಅಂಗಡಿಯವನು ಒಳಕೋಣೆಯ ಬಾಗಿಲು ತೆಗೆದ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ನೆಲದಿಂದ ಸೂರಿನವರೆಗೆ ವಿಡಿಯೋ ಗೇಮ್ ಡಬ್ಬಗಳು! ಒಂದರ ಸೀಲೂ ಒಡೆದಿರಲಿಲ್ಲ.

ನಿಮಗೆ ನಗು ಬರಬಹುದು ಮಕ್ಕಳೇ. ರಿಮೋಟನ್ನೇ ತಲೆಕೆಳಗಾಗಿ ಹಿಡಿಯುವ ಈ ಅಜ್ಜಿಗೆ ಶಿವಮೊಗ್ಗದ ಟಿವಿ-ವಿಡಿಯೋ ಗೇಮ್ ಅಂಗಡಿಯಲ್ಲಿ ಏನು ಕೆಲಸ?

ಕೆಲಸವಿತ್ತು. ಷೇರಿನ ಕೆಲಸ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಾವೊಂದಿಷ್ಟು ಹೆಂಗಸರು ಸೋಮವಾರ ಸಂಜೆ ಸೇರಿ ವಚನ ಹಾಡುತ್ತೇವೆ. ಈಚೆಗೆ ಮಂಗಳ ಹಾಡಿದ ಮೇಲೂ ಯಾರೂ ಏಳುವುದಿಲ್ಲ. ಷೇರಿನ ಮಾತು ಶುರುವಾಗುತ್ತದೆ. (ಶಿವನಿಗೂ ಕೇಳಿಸುತ್ತಿರಬೇಕು.) ಈ ಹುಚ್ಚು ಹಚ್ಚಿದವರು ಪಕ್ಕದ ಮನೆಯ ಗಿರಿಜಕ್ಕ. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ತಯಾರಿಸುವ ಒಂದು ಕಂಪನಿಯ ಷೇರನ್ನು ಅವರು ಕೊಂಡರು. ಹಿಂದೆಯೇ ಉಳಿದವರೂ ಕೊಂಡರು. ನಾನೊಬ್ಬಳು ಬಾಕಿ. ನಿಮ್ಮ ತಾತ ಕಾರ್ಖಾನೆಯಿಂದ ರಿಟೈರ್ ಆದಾಗ ಬಂದ ದುಡ್ಡು ಬ್ಯಾಂಕಿನಲ್ಲಿತ್ತು. ಅವರು ಹೋದ ಮೇಲೆ ನನಗೆ ಅದೊಂದೇ ಆಸರೆ.

"ಅಲ್ಲ ಮಾರಾಯ್ತಿ, ದುಡ್ಡನ್ನ ಬ್ಯಾಂಕಲ್ಲಿಟ್ಟು ಉಪ್ಪಿನಕಾಯಿ ಹಾಕ್ತೀಯಾ?" ಎಂದು ಗಿರಿಜಕ್ಕ ಛೇಡಿಸಿದರು.

"ಕಂಪನಿ ಹೇಗಿದೆಯೋ ಏನೋ ಅಕ್ಕಾ..."

"ಅದಕ್ಕೆ ಪೇಪರ್ ಓದ್ಬೇಕಾ? ಅಂಗಡೀಲಿ ಮಾಲು ಓಡ್ತಿದ್ರೆ ಕಂಪನೀನೂ ಓಡ್ತಿದೆ ಅಂತ. ನಾವೆಲ್ಲ ಹೋಗಿ ನೋಡ್ಕೊಂಡ್ ಬಂದಿದೀವಿ. ನೀನೂ ಹೋಗ್ ಬಾ."

ಅವರ ಕ್ರಮ ಹೀಗೆ. ಒಟ್ಟಿಗೆ ಹೋದರೆ ಅಂಗಡಿಯವನಿಗೆ ಗುಮಾನಿ ಬರುತ್ತದೆ. ಆದ್ದರಿಂದ ದಿನಕ್ಕೊಬ್ಬರು. ಗಿರಾಕಿಯಂತೆ ಬೆಲೆ ಕೇಳುವುದು, ಡಬ್ಬ ಇಳಿಸಿ ನೋಡುವುದು, ಹೇಗೆ ಹೋಗ್ತಿದೆ ಎಂದು ಮೆಲ್ಲಗೆ ಕೆದಕುವುದು, ಮೊಮ್ಮಗನನ್ನು ಕರೆದುಕೊಂಡು ಬರ್ತೀನಿ ಎಂದು ಹೊರಟುಬಿಡುವುದು. ಹೋದವರೆಲ್ಲ ಒಂದೇ ಸುದ್ದಿ ತಂದರು: "ದಿನಾ ಕೇಳ್ಕೊಂಡ್ ಬರ್ತಾರಂತೆ!" ಪ್ರತಿ ಸುದ್ದಿಗೂ ಇನ್ನಷ್ಟು ಷೇರು. ಸೀರೆ ಕೊಳ್ಳುವಾಗ ನೂಲು ಎಳೆದು ನೋಡುವ ಹೆಂಗಸರು ಇವರು. ನಂಬದಿರಲು ನನಗೇನು ಕಾರಣವಿತ್ತು?

ಹೋದ ಬುಧವಾರ ಶಿವಮೊಗ್ಗದ ಬಸ್ ಹತ್ತಿದೆ. ಮಾರನೆಯ ದಿನ ಬ್ಯಾಂಕಿನಿಂದ ದುಡ್ಡು ತೆಗೆಯುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅಂಗಡಿಯಲ್ಲಿ ನನಗೆ ಬಾಯೇ ಬರಲಿಲ್ಲ. (ಹೊಸಬರ ಮುಂದೆ ನನ್ನ ಕಥೆ ಯಾವಾಗಲೂ ಇಷ್ಟೇ.) ಕೊನೆಗೆ ಮಾಲೀಕನೇ ಕೇಳಿದ: "ವಿಡಿಯೋ ಗೇಮಾ ಅಮ್ಮಾ?"

ಬೆಚ್ಚಿಬಿದ್ದೆ. "ನಿಂಗೆ ಹೇಗಪ್ಪಾ ಗೊತ್ತಾಯ್ತು?"

"ನಿಮ್ಮ ವಯಸ್ಸಿನೋರು ಬಂದ್ರೆ ಅದನ್ನೇ ಕೇಳೋದು. ಮೊನ್ನೆ ಎರಡೂ ಕಡೆ ಮೂಗುಬಟ್ಟು ಹಾಕಿರೋ ಒಬ್ರು ಬಂದಿದ್ರು. ಅದಕ್ಕೆ ಮುಂಚೆ ಕೋಲು ಹಿಡ್ಕೊಂಡು ಒಬ್ರು. 'ಆಡಿ ತೋರ್ಸು' ಅಂತ ಕೂತೇಬಿಟ್ರು!"

ಮೂಗುಬಟ್ಟಿನವರು ಗಿರಿಜಕ್ಕ. ಕೋಲಿನವರು ಹೊಳೆಹೊನ್ನೂರಿನಿಂದ ಮಗಳ ಮನೆಗೆ ಬಂದಿರುವ ಪಾರ್ವತಕ್ಕ. ಅವನು ಒಬ್ಬೊಬ್ಬರನ್ನೇ ಬಣ್ಣಿಸುತ್ತ ಹೋದ. ಎಲ್ಲರೂ ನಮ್ಮವರೇ!

"ಬೇರೆ ಯಾರೂ ಕೇಳಲ್ವಾ?"

"ಹುಡುಗ್ರು ನೋಡಿ ಮುಂದೆ ಹೋಗ್ತಾರೆ. ಅಜ್ಜಿಯಂದಿರದ್ದೇ ಡಿಮ್ಯಾಂಡು."

"ಎಷ್ಟು ಜನ ತಗೊಂಡ್ರು?"

"ಕೇಳಿದೋರು ತಗೊಳ್ದೆ ಇರ್ತಾರಾ ಅಮ್ಮಾ? ಹಬ್ಬಕ್ಕೆ ಎಲ್ಲಾ ಖಾಲಿ ಆಗುತ್ತೆ ನೋಡಿ. ಅದಕ್ಕೇ ಜಾಸ್ತಿ ತರಿಸಿಟ್ಟಿದೀನಿ, ಬನ್ನಿ."

ಆ ಬಾಗಿಲು ತೆಗೆದದ್ದು ಆಗಲೇ.

ನಾನಿನ್ನೂ ಡಬ್ಬಗಳನ್ನೇ ನೋಡುತ್ತಿದ್ದೆ. ಅವನು ದನಿ ತಗ್ಗಿಸಿದ. "ಒಂದ್ ಗುಟ್ಟು ಹೇಳ್ತೀನಿ. ಈ ಡಿಮ್ಯಾಂಡ್ ನೋಡಿ ನಾನೂ ಆ ಕಂಪನಿ ಷೇರ್ ತಗೊಂಡೆ!"

ಅವನ ಮಾತು ಕೇಳಿ ನಮ್ಮವರು, ನಮ್ಮವರ ಮಾತು ಕೇಳಿ ಅವನು! ಮಧ್ಯೆ ಗೇಮ್ ಕೊಂಡವರು? ಒಬ್ಬರೂ ಇಲ್ಲ.

ಸುಮ್ಮನೆ ಬಂದುಬಿಡಬಹುದಿತ್ತು. ನನ್ನ ದುಡ್ಡಂತೂ ಬ್ಯಾಂಕಿನಲ್ಲೇ ಇತ್ತಲ್ಲ? ಆದರೆ ಅವನು ಇನ್ನೂ ತರಿಸುತ್ತೇನೆ ಎನ್ನುತ್ತಿದ್ದ. ಹೇಗೋ ಬಾಯಿಬಿಟ್ಟೆ. "ಅವರೆಲ್ಲ ಷೇರ್ ತಗೊಂಡೋರು ಕಣಪ್ಪಾ. ಗೇಮ್ ತಗೊಳ್ಳೋರಲ್ಲ."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅಂಗಡಿಗೆ ಬಂದ ನಾನೇ ಹೂಜಿಯಿಂದ ನೀರು ಬಗ್ಗಿಸಿ ಅವನಿಗೆ ಕೊಟ್ಟೆ.

ಮಾರನೆಯ ದಿನ ಬ್ಯಾಂಕಿಗೆ ಹೋಗಲಿಲ್ಲ. ಮೊನ್ನೆ ಸೋಮವಾರ ಎಲ್ಲರ ಮುಂದೆ ಹೇಳಿದೆ. ಹಾಕುತ್ತಿದ್ದ ತಾಳ ಕೈಯಲ್ಲೇ ನಿಂತಿತು. ಪಾರ್ವತಕ್ಕ ಕಣ್ಣು ಒರೆಸಿಕೊಂಡರು. ಮೊದಲು ಚೇತರಿಸಿಕೊಂಡವರು ಗಿರಿಜಕ್ಕ.

"ಅಷ್ಟೇ ತಾನೆ? ಎಲ್ಲರೂ ಒಂದೊಂದು ಗೇಮ್ ತಗೊಂಡ್ಬಿಡೋಣ. ಸೇಲ್ ಏರುತ್ತೆ, ಷೇರೂ ಏರುತ್ತೆ!"

ಇಬ್ಬರು ಹೌದೌದು ಎಂದು ತಲೆಯಾಡಿಸಿದರು. ನನಗೆ ಅಂಗಡಿಯಲ್ಲಿ ಆದದ್ದಕ್ಕಿಂತ ದೊಡ್ಡ ಶಾಕ್ ಅದು.

"ತಗೊಂಡು? ಯಾರು ಆಡ್ತಾರೆ ಅಕ್ಕಾ?" ಎಂದೆ.

ಇಷ್ಟೂ ದಿನ ಬಸ್ ಚಾರ್ಜು ಕೊಟ್ಟು ಓಡಾಡಿದ ಅಜ್ಜಿಯರು ನಾವು, ಮನೆಯಲ್ಲೇ ಇದ್ದ ನಿಮ್ಮಲ್ಲಿ ಒಬ್ಬರನ್ನಾದರೂ "ಈ ಆಟ ನಿಮಗೆ ಇಷ್ಟಾನೇನ್ರೋ?" ಎಂದು ಯಾಕೆ ಕೇಳಲಿಲ್ಲ ಮಕ್ಕಳೇ?